ರಿಯಾಯಿತಿಯ ಆಟ

ಮೊನ್ನೆ ಮೊಮ್ಮಗಳು ದೂರವಾಣಿಯಲ್ಲಿ, "ತಾತ, 'ಸೈಬೀರಿಯಾ' ಎಂಬ ಕಂಪ್ಯೂಟರ್ ಆಟ ರಿಯಾಯಿತಿಯಲ್ಲಿದೆ, ಕೊಳ್ಳಲೇ?" ಎಂದಳು. ರಿಯಾಯಿತಿಗೆ ಮರುಳಾಗಿ ಕೊಂಡು ಇಂದಿಗೂ ಓದದ ಪುಸ್ತಕಗಳು ನನ್ನ ಕಪಾಟಿನಲ್ಲಿವೆ. ಆದ್ದರಿಂದ ಮೊದಲು ಕಥೆ ಹೇಳೆಂದೆ.

ಬೆಲ್ಜಿಯಂನ ಚಿತ್ರಕಥಾ ಕಲಾವಿದ ಬೆನ್ವಾ ಸೊಕಾಲ್ ರೂಪಿಸಿದ ಈ ಆಟ ಬಂದದ್ದು 2002ರಲ್ಲಿ. ಕೀಲುಗೊಂಬೆಗಳ ಕಾರ್ಖಾನೆಯ ಮಾರಾಟಪತ್ರಕ್ಕೆ ರುಜು ಪಡೆಯಲು ಆಲ್ಪ್ಸ್ ಪರ್ವತದ ಹಳ್ಳಿಗೆ ಬಂದ ವಕೀಲೆ ಕೇಟ್ ವಾಕರ್, ವಾರಸುದಾರನನ್ನು ಅರಸುತ್ತ ಕೀಲಿ ಕೊಟ್ಟು ಓಡಿಸುವ ರೈಲಿನಲ್ಲಿ ಹೊರಡುತ್ತಾಳೆ. ದಾರಿಯುದ್ದಕ್ಕೂ ಒಗಟುಗಳು. ಉತ್ತರಗಳೆಲ್ಲ ಅಂತರಜಾಲದಲ್ಲಿ ಸಿಗುತ್ತವಂತೆ!

ಗಣಿತ ಪುಸ್ತಕದ ಕೊನೆಯ ಪುಟ ನೋಡಿ ಲೆಕ್ಕ ಬಿಡಿಸುತ್ತಿದ್ದ ನನ್ನ ವಿದ್ಯಾರ್ಥಿಗಳು ಈಗ ನಗುತ್ತಿರಬಹುದು. ಉತ್ತರವನ್ನು ಕದ್ದು ನೋಡುವವರಿಗೆ ಆಟ ಎಷ್ಟು ಅಗ್ಗವಾದರೂ ನಷ್ಟವೇ.

"ಭಾನುವಾರ ಬಂದು ನನ್ನ ಪಕ್ಕದಲ್ಲಿ ಕುಳಿತು ಆಡುವುದಾದರೆ ಕೊಳ್ಳಮ್ಮ" ಎಂದೆ. ಅವಳು ಮನೆಗೆ ಬಂದು ಮೂರು ತಿಂಗಳಾಗಿತ್ತು.