ಒಬ್ಬರ ದೋಣಿ

ಗ್ರೀನ್‌ಲ್ಯಾಂಡಿನ ಇನ್ಯೂಟ್ ಬೇಟೆಗಾರರು ಸೀಲ್ ಬೇಟೆಗೆಂದು ಕಟ್ಟಿಕೊಳ್ಳುತ್ತಿದ್ದ ಕಯಾಕನ್ನು ದೋಣಿಗಳ ಸಾಲಿಗಿಂತ ಉಡುಪುಗಳ ಸಾಲಿಗೆ ಸೇರಿಸುವುದೇ ಹೆಚ್ಚು ಉಚಿತವೆನಿಸುತ್ತದೆ. ಮರ ಬೆಳೆಯದ ಆ ತೀರಕ್ಕೆ, ಸೈಬೀರಿಯದ ನದಿಗಳು ಕಡಲಿಗೆ ತಳ್ಳಿದ ದಿಮ್ಮಿಗಳು ಹಿಮದೊಡನೆ ವರ್ಷಗಟ್ಟಲೆ ತೇಲಿ ಬಂದು ಸೇರುತ್ತಿದ್ದವು. ಗಂಡಸರು ಆ ಮರವನ್ನು ಸೀಳಿ, ಮೊಳೆಯ ಹಂಗಿಲ್ಲದೆ ತೊಗಲಿನ ಹುರಿಯಿಂದ ಬಿಗಿದು ಹಂದರ ಕಟ್ಟಿದರೆ, ಹೆಂಗಸರು ಅದರ ಮೇಲೆ ಸೀಲ್ ಚರ್ಮವನ್ನೆಳೆದು, ಸೂಜಿಯು ಚರ್ಮದ ದಪ್ಪವನ್ನು ಅರ್ಧಕ್ಕಷ್ಟೇ ಹೊಕ್ಕು ಹೊರಬರುವಂತೆ, ಅಂದರೆ ಹೊಲಿಗೆಯ ಒಂದು ತೂತೂ ಆಚೆಯಿಂದ ಈಚೆಗೆ ತೆರೆಯದಂತೆ, ಹೊಲಿಯುತ್ತಿದ್ದರು. ಅಳತೆಗೆ ಗಜಕೋಲು ಬೇಕಿರಲಿಲ್ಲ. ಉದ್ದಕ್ಕೆ ಬೇಟೆಗಾರನ ಚಾಚಿದ ತೋಳುಗಳು, ಅಗಲಕ್ಕೆ ಅವನ ಸೊಂಟ, ಆಳಕ್ಕೆ ಅವನ ಮುಷ್ಟಿ ಇದ್ದವಾದ್ದರಿಂದ ಅಣ್ಣನ ಕಯಾಕು ತಮ್ಮನಿಗೆ ಹಿಡಿಸುವುದು ಅಪರೂಪವಾಗಿತ್ತು.

ಕುಳಿತುಕೊಳ್ಳುವ ಬಾಯಿಯ ಸುತ್ತ ಮರದ ಬಳೆಯೊಂದಿದ್ದು, ತುಯಿಲಿಕ್ ಎಂಬ ಚರ್ಮದ ಅಂಗಿಯ ಕೆಳಗಂಚನ್ನು ಆ ಬಳೆಗೆ ಬಿಗಿದು, ಮುಖದ ಸುತ್ತ ಮತ್ತು ಮಣಿಕಟ್ಟಿನಲ್ಲಿ ದಾರ ಕಟ್ಟಿಕೊಂಡರೆ ನೀರು ಒಳನುಗ್ಗಲು ದಾರಿಯೇ ಇರುತ್ತಿರಲಿಲ್ಲ. ಹೀಗೆ ದೋಣಿಯನ್ನೇ ತೊಟ್ಟು ಕುಳಿತವನು ಮಗುಚಿಕೊಂಡಾಗ ಹೊರಬಿದ್ದು ಈಜುವ ಪ್ರಶ್ನೆ ಏಳುವುದಿಲ್ಲ. ಆ ನೀರಿನಲ್ಲಿ ಈಜಿ ಬದುಕುವುದೂ ಕಷ್ಟ. ಆದ್ದರಿಂದ ತಲೆಕೆಳಗಾಗಿ ಕುಳಿತಂತೆಯೇ ಹುಟ್ಟನ್ನು ನೀರಿನ ಮೇಲ್ಮೈಯಲ್ಲಿ ಬೀಸಿ, ಸೊಂಟವನ್ನು ಹೊರಳಿಸಿ, ದೋಣಿಯನ್ನು ಮತ್ತೆ ನೇರ ಮಾಡುವ ವಿದ್ಯೆಯೊಂದು ಅಲ್ಲಿ ಬೆಳೆಯಿತು, ಅದನ್ನೇ ಇಂದು ರೋಲ್ ಎನ್ನುತ್ತಾರೆ. ಗ್ರೀನ್‌ಲ್ಯಾಂಡಿನ ಕಯಾಕ್ ಸ್ಪರ್ಧೆಗಳಲ್ಲಿ ಈಗಲೂ ಮೂವತ್ತಕ್ಕೂ ಹೆಚ್ಚು ಬಗೆಯ ರೋಲ್‌ಗಳಿವೆ. ಹುಟ್ಟು ಕೈತಪ್ಪಿದರೆ ಬರಿಗೈಯಲ್ಲಿ, ಒಂದು ತೋಳು ಈಟಿಯ ಹಗ್ಗಕ್ಕೆ ಸಿಕ್ಕಿಕೊಂಡರೆ ಇನ್ನೊಂದರಲ್ಲಿ, ಈಟಿ ಎಸೆಯುವ ಹಲಗೆಯಷ್ಟೇ ಉಳಿದರೆ ಅದರಲ್ಲಿ ಏಳುವುದು ಹೇಗೆಂದು ಅಭ್ಯಾಸ ಮಾಡಿಸುವ ಆ ಪಟ್ಟಿಯನ್ನು ಕಸರತ್ತಿನ ಪಟ್ಟಿಯೆಂದು ಓದುವುದಕ್ಕಿಂತ ಹಿಂದಿನವರು ಕಂಡ ಅಪಘಾತಗಳ ದಾಖಲೆಯೆಂದು ಓದುವುದು ಮೇಲು.

ಈ ಬರಹದ ಲೇಖಕ ಹುಟ್ಟಿ ಬೆಳೆದದ್ದು ಕುಂದಾಪುರದ ಹೊಳೆದಂಡೆಯಲ್ಲಿ, ಕಯಾಕ್ ಕಲಿತದ್ದು ಉದ್ಯೋಗ ಕರೆದೊಯ್ದ ಸ್ಕಾಟ್ಲೆಂಡಿನಲ್ಲಿ. ಊರಿನಲ್ಲಿ ಕಂಡ ದೋಣಿ ಎಂದೂ ಒಬ್ಬರದಾಗಿರಲಿಲ್ಲ. ನಾಡದೋಣಿಯನ್ನು ಅಲೆಗೆ ಇಳಿಸುವುದಕ್ಕೆ ಹೆಗಲುಗಳ ಸಾಲು ಬೇಕು. ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ದೋಣಿಯಿಂದ ಅರ್ಧಚಂದ್ರಾಕಾರದಲ್ಲಿ ಕಡಲಿಗೆ ಹರಡಿ, ಎರಡೂ ತುದಿಗಳನ್ನು ಮರಳಿನ ಮೇಲೆ ನಿಂತು ಎಳೆಯುವ ಕೈರಂಪಣಿಯಲ್ಲಂತೂ ಕೇರಿಗೆ ಕೇರಿಯೇ ಕೈಜೋಡಿಸುತ್ತಿತ್ತು. ಅಂಥ ಕಣ್ಣಿಗೆ, ಒಬ್ಬರಿಗಷ್ಟೇ ಜಾಗವಿರುವ ದೋಣಿಯೆಂದರೆ ಒಂಟಿಯಾಗಿ ಹೋಗುವವರ ದೋಣಿಯೆಂದೇ ತೋರುವುದು ಸಹಜ. ಆದರೆ ಕಯಾಕಿನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ಗ್ರೀನ್‌ಲ್ಯಾಂಡಿನ ಬೇಟೆಗಾರರಲ್ಲಿ ನಂಗಿಯಾರ್ನೆಕ್ ಎಂಬ ಒಂದು ಸಂಕಟವಿತ್ತು. ಗಾಳಿಯಿಲ್ಲದೆ ಕನ್ನಡಿಯಂತೆ ನಿಂತ ನೀರಿನ ಮೇಲೆ, ಬಿಸಿಲು ಕಣ್ಣಿಗೆ ಹೊಡೆಯುತ್ತಿರುವಾಗ, ಅಲುಗಾಡದೆ ಸೀಲ್‌ಗಾಗಿ ಕಾದು ಕುಳಿತವನಿಗೆ ಆಕಾಶ ಯಾವುದು ನೀರು ಯಾವುದೆಂಬ ವಿವೇಚನೆ ತಪ್ಪಿ, ದೋಣಿಯೊಳಗೆ ತಣ್ಣೀರು ಏರುತ್ತಿದೆಯೆಂದೋ ಒಂದು ಬದಿಗೆ ವಾಲುತ್ತಿದೆಯೆಂದೋ ಭ್ರಮೆ ಕವಿದು, ಕೈ ಎತ್ತಲೂ ಆಗದಂತೆ ಮೈ ಕಟ್ಟಿಹೋಗುತ್ತಿತ್ತು. ಡೇನಿಷ್ ವೈದ್ಯರು ಇದನ್ನು ಕಯಾಕ್ ತಲೆಸುತ್ತು ಎಂದು ಬರೆದಿಟ್ಟಿದ್ದಾರೆ. ಎಷ್ಟೋ ನುರಿತ ಬೇಟೆಗಾರರು ಇದರಿಂದಾಗಿ ಕಡಲನ್ನೇ ಬಿಟ್ಟುಬಿಟ್ಟರು. ಇನ್ನೊಬ್ಬ ಕಯಾಕಿಗ ಪಕ್ಕಕ್ಕೆ ಬಂದು ತನ್ನ ಹುಟ್ಟನ್ನು ಈ ದೋಣಿಗೆ ತಾಗಿಸಿದರೆ, ಇಲ್ಲವೇ ನೀರನ್ನು ಕದಡಿ ಅಲೆಯೆಬ್ಬಿಸಿದರೆ, ಹಿಡಿತ ಸಡಿಲುತ್ತಿತ್ತು. ಬಿರುಗಾಳಿಯಲ್ಲಿ ಬೇಕಾಗುವ ಜೊತೆ ನಿಶ್ಚಲ ನೀರಿನಲ್ಲೂ ಬೇಕೆಂಬುದನ್ನು ಆ ಜನ ಹೀಗೆ ಅರಿತಿದ್ದರು.

ರೋಲ್‌ಗೆ ಇರುವ ಕೀರ್ತಿಯೆಲ್ಲ ಅದಕ್ಕೆ ಸಲ್ಲಬೇಕಾದುದೇ ಎಂಬ ಸಂಶಯ ಹುಟ್ಟಿಸುವ ಪ್ರಸಂಗ ಜೀನೋ ವಾಟ್ಕಿನ್ಸ್‌ನದು. ಯುರೋಪಿನವರಲ್ಲಿ ಈ ವಿದ್ಯೆಯನ್ನು 1927ರಲ್ಲಿ ಮೊದಲು ಸಾಧಿಸಿದವನೆಂದು ಆಸ್ಟ್ರಿಯದ ಹಾನ್ಸ್ ಪಾವ್ಲಾಟಾನನ್ನು ಹೆಸರಿಸುವುದುಂಟು. ಆದರೆ 1930–31ರ ಬ್ರಿಟಿಷ್ ಆರ್ಕ್‌ಟಿಕ್ ವಾಯುಮಾರ್ಗ ಶೋಧಯಾತ್ರೆಯನ್ನು ಮುನ್ನಡೆಸಿದ ವಾಟ್ಕಿನ್ಸ್ ಪೂರ್ವ ಗ್ರೀನ್‌ಲ್ಯಾಂಡಿನ ಬೇಟೆಗಾರರ ಬಳಿಯೇ ಕುಳಿತು ಕಲಿತು, ಅವರೊಡನೆ ಬೇಟೆಗೆ ಹೋಗುವಷ್ಟು ಪಳಗಿದ್ದ. 1932ರ ಆಗಸ್ಟ್ 20ರಂದು ಅವನು ಒಬ್ಬನೇ ಸೀಲ್ ಬೇಟೆಗೆ ಹೊರಟ. ಸಂಗಡಿಗರಿಗೆ ಸಿಕ್ಕಿದ್ದು ತೇಲುತ್ತಿದ್ದ ಅವನ ಖಾಲಿ ಕಯಾಕು ಮತ್ತು ಹಿಮದ ಹಾಸೊಂದರ ಮೇಲೆ ಬಿಚ್ಚಿಟ್ಟ ಷರಾಯಿ. ಇಪ್ಪತ್ತೈದರ ಹರೆಯದ ಅವನ ದೇಹ ಸಿಗಲೇ ಇಲ್ಲ.

ಇಂದಿನ ಸಮುದ್ರ ಕಯಾಕುಗಳಲ್ಲಿ ಒಂದು ಮುಖ್ಯ ವಂಶ ಸ್ಕಾಟ್ಲೆಂಡಿನ ಮೂಲಕ ಹಾದುಬಂದಿದೆ. 1959ರಲ್ಲಿ ಗ್ಲಾಸ್ಗೋದ ಕೆನ್ ಟೇಲರ್ ಪಶ್ಚಿಮ ಗ್ರೀನ್‌ಲ್ಯಾಂಡಿನ ಇಲ್ಲೊರ್ಸುಯಿತ್ ಎಂಬ ಹಳ್ಳಿಯಲ್ಲಿ ಒಂದು ಬೇಸಗೆ ಕಳೆದು, ತನ್ನ ಮೈಯಳತೆಗೆ ಕಟ್ಟಿಸಿದ ಚರ್ಮದ ಕಯಾಕೊಂದನ್ನು ತಂದನು. ಅದರ ನಕ್ಷೆಯನ್ನಾಧರಿಸಿ ಮುಂದಿನ ವರ್ಷಗಳಲ್ಲಿ ಪ್ಲೈವುಡ್ ದೋಣಿಯೂ, ಬಳಿಕ ಫೈಬರ್‌ಗ್ಲಾಸಿನ ಅನಾಸ್ ಅಕ್ಯೂಟಾ ಎಂಬ ಮಾದರಿಯೂ ಬಂದವು. (ಆ ಹೆಸರು ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೂ ಇಳಿಯುವ ಸೂಜಿಬಾಲದ ಬಾತುವಿನದು.) 1975ರಲ್ಲಿ ನಾರ್ವೆಯ ಉತ್ತರ ತುದಿಗೆ ಹೊರಟ ತಂಡವೊಂದಕ್ಕಾಗಿ ಫ್ರಾಂಕ್ ಗುಡ್‌ಮನ್ ರೂಪಿಸಿದ ನಾರ್ಡ್‌ಕಾಪ್ ಇನ್ನೊಂದು ಹೆಸರಾಂತ ಮಾದರಿ. ಆ ಕಾಲದಲ್ಲಿ ನೆಲೆಯೂರಿದ ಹೊಸತನವೆಂದರೆ ಬಲ್ಕ್‌ಹೆಡ್, ಅಂದರೆ ಕುಳಿತವರ ಹಿಂದೆ ಮತ್ತು ಪಾದಗಳ ಮುಂದೆ ದೋಣಿಯ ಹೊಟ್ಟೆಯನ್ನು ಅಡ್ಡಲಾಗಿ ಮುಚ್ಚುವ, ನೀರು ದಾಟಗೊಡದ ಗೋಡೆ. ನೋಡುವುದಕ್ಕೆ ಏನೇನೂ ಅಲ್ಲದ ಈ ಗೋಡೆಯೇ ಸಮುದ್ರ ಕಯಾಕಿನ ಇತ್ತೀಚಿನ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿಯೆಂಬುದು ಈ ಲೇಖಕನ ಅಭಿಪ್ರಾಯ.

ಕಾರಣವನ್ನು ನೀರಿಗಿಳಿದರೆ ತಿಳಿಯಬಹುದು. ಗೋಡೆಯಿಲ್ಲದ ಕಯಾಕಿಗೆ ನೂರಾರು ಲೀಟರು ನೀರು ತುಂಬುತ್ತದೆ, ಲೀಟರಿಗೆ ಒಂದು ಕಿಲೋ ಲೆಕ್ಕದಲ್ಲಿ ಅದನ್ನು ಎತ್ತುವುದು ಯಾರಿಂದಲೂ ಆಗದು. ಗೋಡೆಯಿದ್ದರೆ ನೀರು ಕೂರುವ ಕೋಣೆಗಷ್ಟೇ ಸೀಮಿತವಾಗಿ, ಎರಡು ತುದಿಗಳೂ ತೇಲುತ್ತಿರುತ್ತವೆ. ಲೊಮಂಡ್ ಸರೋವರದಲ್ಲಿ ಮೇ ತಿಂಗಳ ಬಿಸಿಲಿನಲ್ಲೂ ಹಲ್ಲು ಕಟಕಟಿಸುವ ನೀರಿನಲ್ಲಿ ಲೇಖಕನಿಗೆ ಮೊದಲು ಕಲಿಸಿದ್ದು ರೋಲ್ ಅಲ್ಲ, ಟಿ ಪಾರುಗಾಣಿಕೆ ಎಂಬ ಕ್ರಮ. ಮಗುಚಿದವರು ಮೊದಲು ಸ್ಪ್ರೇ ಸ್ಕರ್ಟ್, ಅಂದರೆ ಸೊಂಟಕ್ಕೂ ದೋಣಿಯ ಬಾಯಿಗೂ ನಡುವೆ ಬಿಗಿದ ರಬ್ಬರು ಬಟ್ಟೆಯ ಹೊದಿಕೆಯನ್ನು ಅದರ ಮುಂತುದಿಯ ಕುಣಿಕೆ ಹಿಡಿದು ಕಿತ್ತು ಹೊರಬರುತ್ತಾರೆ. ಈ ಕುಣಿಕೆ ಸದಾ ಹೊರಗೇ ಇರಬೇಕು, ಹೊದಿಕೆಯೊಳಗೆ ಸಿಕ್ಕಿದ ಕುಣಿಕೆ ನೀರೊಳಗೆ ಹುಡುಕಿದರೆ ಸಿಗದು. ಜೊತೆಯವರು ಮಗುಚಿದ ದೋಣಿಯ ಮೂತಿಯನ್ನು ತಮ್ಮ ದೋಣಿಯ ಮೇಲೆ ಅಡ್ಡಲಾಗಿ ಎಳೆದುಕೊಳ್ಳುವಾಗ ಕೋಣೆಯ ನೀರು ಗಳಗಳನೆ ಸುರಿದುಹೋಗುತ್ತದೆ, ಬಳಿಕ ದೋಣಿಯನ್ನು ನೇರ ಮಾಡಿ ಸಮಾಂತರವಾಗಿ ತಿರುಗಿಸಿ, ಅದರ ಬಾಯಿಯಂಚನ್ನು ಎರಡೂ ಕೈಗಳಿಂದ ಅದುಮಿ ಹಿಡಿಯುತ್ತಾರೆ. ನೀರಿನಲ್ಲಿದ್ದವರು ಕಾಲು ಬಡಿಯುತ್ತ ಹಿಂಬದಿಯ ಮೇಲೆ ಬೋರಲು ಮಲಗಿ, ಕಾಲುಗಳನ್ನು ಒಳಕ್ಕೆ ಜಾರಿಸಿ, ಹೊರಳಿ ಕುಳಿತುಕೊಳ್ಳುತ್ತಾರೆ. ಹೊಂದಿಕೊಂಡ ಜೋಡಿಗೆ ಇಡೀ ಕೆಲಸ ಒಂದೆರಡು ನಿಮಿಷದ್ದು. ಒಂಟಿಯಾಗಿದ್ದವರು ಹುಟ್ಟಿನ ತುದಿಗೆ ಗಾಳಿಚೀಲ ಕಟ್ಟಿ ಆಧಾರ ಮಾಡಿಕೊಂಡು ಹತ್ತಬಹುದಾದರೂ, ಅಲೆಯೇ ಮಗುಚಿದ ಜಾಗದಲ್ಲಿ ಅದೇ ಅಲೆಯ ನಡುವೆ ಚೀಲ ಊದಿ ಕೂರುವುದು ಎಷ್ಟು ಸಾಧ್ಯವೆಂಬುದನ್ನು ಯಾರೂ ಊಹಿಸಬಹುದು.

1993ರ ಮಾರ್ಚ್ 22ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ಕೊಲ್ಲಿಯಲ್ಲಿ ಶಾಲಾಮಕ್ಕಳ ತಂಡವೊಂದು ತೀರದಗುಂಟ ಸಣ್ಣ ಪಯಣಕ್ಕೆ ಹೊರಟಿತು. ಅವರ ಕಯಾಕುಗಳಿಗೆ ಸ್ಪ್ರೇ ಸ್ಕರ್ಟ್ ಇರಲಿಲ್ಲ, ಸಹಾಯ ಕೋರಲು ಬೆಂಕಿಬಾಣಗಳೂ ಇರಲಿಲ್ಲ. ಆರಂಭದಲ್ಲೇ ಜೊತೆಗಿದ್ದ ಶಿಕ್ಷಕರು ಮತ್ತೆ ಮತ್ತೆ ಮಗುಚಿ, ಇಬ್ಬರು ತರಬೇತುದಾರರಲ್ಲಿ ಒಬ್ಬರು ಅವರಿಗಾಗಿ ಹಿಂದುಳಿದಾಗ, ಉಳಿದ ಗುಂಪು ಕಡಲಿನ ಒಳಕ್ಕೆ ಸರಿದು, ಅಲೆ ಒಂದೊಂದೇ ದೋಣಿಯನ್ನು ತುಂಬಿಸಿತು. ತೀರರಕ್ಷಕರಿಗೆ ಸುದ್ದಿ ಮುಟ್ಟಿದ್ದು ಗಂಟೆಗಳಷ್ಟು ತಡವಾಗಿ. ನಾಲ್ವರು ಮಕ್ಕಳು ತೀರಿಕೊಂಡರು. ಸಾಹಸ ಕೇಂದ್ರಗಳಿಗೆ ಪರವಾನಗಿ ಕಡ್ಡಾಯಗೊಳಿಸಿದ 1995ರ ಬ್ರಿಟಿಷ್ ಕಾಯಿದೆ ಈ ಸಾವುಗಳ ಫಲ. ಸ್ಕಾಟ್ಲೆಂಡಿನ ತರಬೇತಿಯಲ್ಲಿ ಈ ಘಟನೆಯ ಪ್ರಸ್ತಾಪ ಬಂದಾಗ ನಗೆಚಾಟಿಕೆಯೆಲ್ಲ ನಿಂತುಹೋಗುತ್ತಿದ್ದುದು ಲೇಖಕನ ನೆನಪಿನಲ್ಲಿದೆ.

ಅಂಥ ಕಡಲಿನಲ್ಲಿ ಕೊಲ್ಲುವುದು ಹೆಚ್ಚಾಗಿ ಚಳಿ. ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಕದಿಯುತ್ತದೆ. ಕೆನಡಾದ ವಿಜ್ಞಾನಿ ಗಾರ್ಡನ್ ಗೀಸ್‌ಬ್ರೆಕ್ಟ್ ಪ್ರಚಾರಕ್ಕೆ ತಂದ ಸೂತ್ರದಂತೆ, ಹಿಮಶೀತಲ ನೀರಿಗೆ ಬಿದ್ದವರಿಗೆ ಉಸಿರನ್ನು ಹತೋಟಿಗೆ ತರಲು ಒಂದು ನಿಮಿಷ, ಕೈಬೆರಳುಗಳು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪುವುದಕ್ಕೆ ಒಂದು ಗಂಟೆ. ಹಾಗಾಗಿ ಅಲ್ಲಿ ಬಟ್ಟೆ ತೊಡುವುದು ನೀರಿನ ತಾಪಮಾನ ನೋಡಿ, ಬಿಸಿಲು ನೋಡಿಯಲ್ಲ. ತೇಲುಕವಚವನ್ನು ಹಗ್ಗದಿಂದ ದೋಣಿಗೆ ಕಟ್ಟಿಟ್ಟು ಹೊರಡುವವರ ಬಗ್ಗೆ ಬರೆಯುವುದಕ್ಕೇನೂ ಇಲ್ಲ.

ಕರ್ನಾಟಕದ ಕಡಲಿಗೆ ಈ ಚಳಿ ಇಲ್ಲವೆಂಬುದರಿಂದ ಇಲ್ಲಿ ಅಪಾಯವಿಲ್ಲವೆಂದು ತಿಳಿಯುವುದು ಸಲ್ಲದು. ಮುಲ್ಕಿಯ ಶಾಂಭವಿಯಲ್ಲಿ, ಸಾಲಿಗ್ರಾಮದ ಬಳಿ ಸೀತಾನದಿಯ ಕಾಂಡ್ಲಾ ಗಿಡಗಳ ನಡುವೆ, ಈಗ ಪ್ರವಾಸಿಗರು ಬಾಡಿಗೆಯ ಕಯಾಕುಗಳಲ್ಲಿ ಹುಟ್ಟು ಹಾಕುತ್ತಾರೆ. ಹಿನ್ನೀರು ಶಾಂತವಾಗಿದೆ, ತೊಂದರೆಯಿಲ್ಲ. ತೊಂದರೆ ಇರುವುದು ಹೊಳೆ ಕಡಲು ಸೇರುವ ಅಳಿವೆಯಲ್ಲಿ. ಇಳಿತದ ನೀರು ರಭಸದಿಂದ ಹೊರಕ್ಕೆ ಹರಿಯುವಾಗ ಎದುರಿನಿಂದ ಬರುವ ಅಲೆ ಅದಕ್ಕೆ ಢಿಕ್ಕಿಯಾಗಿ, ಮರಳದಿಣ್ಣೆಯ ಮೇಲೆ ನೆಟ್ಟಗೆ ಎದ್ದು ಮುರಿಯುತ್ತದೆ, ಅದೇ ಜಾಗ ಭರತದ ವೇಳೆಗೆ ಏನೂ ಆಗದಂತಿರುತ್ತದೆ. ಚಳಿಗಾಲದ ಮುಂಜಾನೆಗಳಲ್ಲಿ ನೆಲದಿಂದ ಕಡಲಿಗೆ ಬೀಸುವ ಮೂಡಗಾಳಿ ಇನ್ನೂ ಮೋಸದ್ದು: ದಡದ ಹತ್ತಿರ ನೀರನ್ನು ಎಣ್ಣೆಯಂತೆ ನಯವಾಗಿಟ್ಟು, ಹೋಗುವವರನ್ನು ಬೆನ್ನು ತಟ್ಟಿ ಕಳುಹಿಸಿ, ಮರಳುವಾಗ ಎದೆಗೆ ಎದುರಾಗುತ್ತದೆ. ರಜೆಗೆಂದು ಊರಿಗೆ ಬಂದಿದ್ದ ಲೇಖಕ ಗಂಗೊಳ್ಳಿಯ ಅಳಿವೆಯಾಚೆ ಕಯಾಕಿನಲ್ಲಿ ಹೋಗುವ ವಿಚಾರವೆತ್ತಿದಾಗ, ಬಲೆಯ ಹರಕು ಹೆಣೆಯುತ್ತಿದ್ದ ಮೊಗವೀರ ಅಜ್ಜರೊಬ್ಬರು ತಲೆಯೆತ್ತದೆ ಕೇಳಿದ್ದು ದೋಣಿಯ ಉದ್ದವನ್ನಲ್ಲ, ಬೆಲೆಯನ್ನೂ ಅಲ್ಲ: "ಜೊತೆಗ್ ಯಾರ್ ಇದ್ರ್ ಮಾಣಿ?" ಯಾರೂ ಇರಲಿಲ್ಲವಾದ್ದರಿಂದ ಆ ದಿನ ಹಿನ್ನೀರಿನಲ್ಲೇ ಕಳೆಯಿತು.

ಸಮುದ್ರ ಕಯಾಕ್ ಕೊಳ್ಳಲು ಹೊರಟ ಓದುಗರು ಹಣವನ್ನು ಮೊದಲು ಹಗುರವಾದ ಕಾರ್ಬನ್ ಹುಟ್ಟಿಗೆ ಸುರಿಯದೆ, ಎರಡು ಬಲ್ಕ್‌ಹೆಡ್‌ಗಳಿರುವ ದೋಣಿ, ಮೈಗೊಪ್ಪುವ ತೇಲುಕವಚ, ಸೀಟಿ, ಎಳೆಹಗ್ಗ ಮತ್ತು ನೀರು ಹೊಗದ ಚೀಲದಲ್ಲಿಟ್ಟ ಫೋನು ಅಥವಾ ವಿಎಚ್ಎಫ್ ರೇಡಿಯೊಗೆ ಕೊಡಲಿ, ರೋಲ್ ಆಮೇಲೆ ಕಲಿಯಲಿ, ಅಷ್ಟರೊಳಗೆ ಒಬ್ಬ ಜೊತೆಗಾರರನ್ನು ಹುಡುಕಿಕೊಳ್ಳಲಿ. ರೇಡಿಯೊದಲ್ಲಿ ಅಪಾಯದ ಕರೆ ಕೊಡುವುದು 16ನೇ ಚಾನೆಲಿನಲ್ಲಿ; ಭಾರತದ ತೀರದಲ್ಲಿ ಕೋಸ್ಟ್ ಗಾರ್ಡಿನ ತುರ್ತು ಸಂಖ್ಯೆ 1554, ಕರಾವಳಿ ಪೊಲೀಸರದು 1093. ಹೊರಡುವ ಮುನ್ನ ಎಲ್ಲಿಗೆ ಹೋಗುವುದು, ಎಷ್ಟು ಹೊತ್ತಿಗೆ ಮರಳುವುದು, ಆ ಹೊತ್ತು ಮೀರಿದರೆ ಈ ಸಂಖ್ಯೆಗಳಿಗೆ ಯಾವಾಗ ಕರೆ ಮಾಡಬೇಕೆಂಬುದನ್ನು ದಡದಲ್ಲಿ ಉಳಿಯುವ ಒಬ್ಬರಿಗೆ ಬರೆದುಕೊಟ್ಟೇ ದೋಣಿಯನ್ನು ನೀರಿಗೆ ತಳ್ಳಬೇಕು.