ಅಪ್ಪನ ಗೆರೆ ಸ್ವಲ್ಪ ದೂರದಲ್ಲಿದೆ

ಗಣಿತ, ಮನಃಶಾಸ್ತ್ರ ಎರಡನ್ನೂ ಸೇರಿಸಿ ಒಂದು ಸಮ್ಮೇಳನ ನಡೆಯುತ್ತೆ, ಅದಕ್ಕೆ ನಾನು ಹೋಗಿದ್ದೆ ಅಂದರೆ ಆಫೀಸಿನಲ್ಲಿ ಈಗಲೂ ನಗ್ತಾರೆ. ‘ಹೋಗಿದ್ದೆ’ ಅನ್ನೋದೂ ಪೂರ್ತಿ ಸರಿಯಲ್ಲ ಬಿಡಿ. ಅದು 2020ರ ಜುಲೈ. ಸೊಸೈಟಿ ಫಾರ್ ಮ್ಯಾಥಮ್ಯಾಟಿಕಲ್ ಸೈಕಾಲಜಿಯವರ ವಾರ್ಷಿಕ ಸಮ್ಮೇಳನ ಕೊರೊನಾದಿಂದಾಗಿ ಆ ವರ್ಷ ಆನ್‌ಲೈನ್‌ನಲ್ಲೇ ನಡೀತು. ಇಲ್ಲದಿದ್ದರೆ ವೀಸಾ, ವಿಮಾನ, ಹೋಟೆಲ್ ಅಂತ ಗರುಡಾಚಾರ್‌ಪಾಳ್ಯದ ಬಾಡಿಗೆ ಮನೆಯಲ್ಲಿ ಕೂತ ನನ್ನಂಥವಳಿಗೆ ಅದರ ಬಾಗಿಲೂ ಕಾಣ್ತಿರಲಿಲ್ಲ. ಹೊರದೇಶದಲ್ಲಿ ಪಿಎಚ್‌ಡಿ ಮಾಡ್ತಿದ್ದ ಕಾಲೇಜು ಗೆಳತಿಯೊಬ್ಬಳು ಹೇಳಿದಳು: “ನೀನು ದಿನಾ ಯಾವ ಬಟನ್ ಜಾಸ್ತಿ ಒತ್ತುತ್ತಾರೆ ಅಂತ ಟೆಸ್ಟ್ ಮಾಡ್ತೀಯಲ್ಲ, ಒತ್ತೋ ಮುಂಚೆ ತಲೆಯೊಳಗೆ ಏನಾಗುತ್ತೆ ಅಂತ ಲೆಕ್ಕ ಹಾಕೋ ಜನ ಇವರು. ಸುಮ್ಮನೆ ಬಂದು ಕೇಳು.”

ಆಗ ನಮ್ಮ ವೈಟ್‌ಫೀಲ್ಡ್ ರಸ್ತೆಯಲ್ಲಿ ಮೆಟ್ರೋ ಕಂಬಗಳಿದ್ದವು, ರೈಲು ಇರಲಿಲ್ಲ (ಅದು ಬಂದಿದ್ದು 2023ರ ಮಾರ್ಚ್‌ನಲ್ಲಿ). ಆ ತಿಂಗಳ ಮಧ್ಯದಲ್ಲಿ ಬೆಂಗಳೂರಿಗೆ ಮತ್ತೆ ಒಂದು ವಾರದ ಲಾಕ್‌ಡೌನ್. ಅಮ್ಮ ತೀರಿಕೊಂಡ ಮೇಲೆ ಒಬ್ಬರೇ ಇದ್ದ ಅಪ್ಪನನ್ನ ಮಾರ್ಚ್‌ಗೆ ಮೊದಲೇ ನಾನು, ಅಣ್ಣ ಸೇರಿ ಕೆ.ಆರ್. ನಗರದಿಂದ ಕೆ.ಆರ್. ಪುರದ ಪಕ್ಕಕ್ಕೆ ಕರ್ಕೊಂಡು ಬಂದಿದ್ವಿ. ಹದಿನೈದು ದಿನ ಅಂತ ಬಂದವರು ಸಿಕ್ಕಿಹಾಕ್ಕೊಂಡ್ರು.

ಕ್ಯಾಷ್ ಮುಟ್ಟೋಕೆ ಎಲ್ಲರಿಗೂ ಭಯ. ಗೇಟಿನ ಹತ್ತಿರ ಬರೋ ತರಕಾರಿ ತಳ್ಳುಗಾಡಿಯವನೂ ಕ್ಯೂಆರ್ ಕೋಡ್ ನೇತುಹಾಕಿದ್ದ. ಅಪ್ಪನಿಗೆ ಫೋನಿನಲ್ಲಿ ದುಡ್ಡು ಕಳಿಸೋದು ಹೇಳಿಕೊಟ್ವಿ. ಕಲಿತರು. ಆದರೆ ನಿಧಾನ ಅಂದ್ರೆ ನಿಧಾನ. ಸ್ಕ್ಯಾನ್ ಮಾಡಿ ಅಂಗಡಿಯವನ ಹೆಸರು ಓದಬೇಕು, ಅವನ ಹತ್ತಿರ “ಇದು ನೀವೇನಾ?” ಅಂತ ಕೇಳಬೇಕು, ಮೊತ್ತ ಎರಡು ಸಲ ನೋಡಬೇಕು, ಕನ್ನಡಕ ತೆಗೆದು ಮತ್ತೆ ಹಾಕ್ಕೋಬೇಕು. ಆನ್‌ಲೈನ್‌ನಲ್ಲಿ ಔಷಧಿ ತರಿಸುವಾಗ ಓಟಿಪಿ ಹಾಕೋದರೊಳಗೆ ಟೈಮ್ ಮುಗಿದುಹೋಗೋದು. ಒಂದು ಸಂಜೆ ಮೂರು ಸಲ ಹಾಗೇ ಆಯ್ತು. ಅಣ್ಣ ನನ್ನನ್ನ ಬಾಲ್ಕನಿಗೆ ಕರೆದು ಮೆಲ್ಲಗೆ ಹೇಳಿದ: “ಇದು ಮರೆವಿನ ಶುರು ಕಣೇ. ದೊಡ್ಡಪ್ಪನಿಗೂ ಹಿಂಗೇ ಆಗಿತ್ತು. ಅಕೌಂಟ್ ನಾನು ನೋಡ್ಕೋತೀನಿ, ಪಾಸ್‌ಬುಕ್, ಫೋನು ಎರಡೂ ಇಸ್ಕೊಂಡುಬಿಡೋಣ.” ಅವನು ಕೆಟ್ಟವನಲ್ಲ. ದೊಡ್ಡಪ್ಪನ ಕೊನೇ ದಿನಗಳನ್ನ ಹತ್ತಿರದಿಂದ ನೋಡಿದವನು, ಹೆದರಿದ್ದ. ಅವನಿಗೆ ಏನು ಹೇಳಬೇಕು ಅಂತ ನನಗೆ ಗೊತ್ತಾಗಲಿಲ್ಲ.

ಈ ಗಲಾಟೆಯ ಮಧ್ಯೆಯೇ ಸಮ್ಮೇಳನ. ನಮ್ಮ ರಾತ್ರಿ ಊಟದ ಹೊತ್ತಿಗೆ ಅಲ್ಲಿ ಕೆಲವರು ಆಗತಾನೆ ಎದ್ದು ಕಾಫಿ ಹಿಡಿದು ಕೂತಿರೋರು. ಹದಿನಾರಾಣೆಯಲ್ಲಿ ನಾಲ್ಕಾಣೆ ಅರ್ಥವಾಯ್ತು ಅಂತ ಇಟ್ಕೊಳ್ಳಿ. ಸಮೀಕರಣ, ಗ್ರಾಫು, ಮತ್ತೆ ಸಮೀಕರಣ. ಒಬ್ಬರು ಇನ್ನೊಬ್ಬರ ಮಾಡೆಲ್ ತಪ್ಪು ಅಂತ ಎಷ್ಟು ವಿನಯದಿಂದ ಹೇಳ್ತಿದ್ರು ಅಂದ್ರೆ, ನಮ್ಮ ಕೋಡ್ ರಿವ್ಯೂಗಳಲ್ಲಿ ಅದರ ಕಾಲುಭಾಗ ಇದ್ದರೂ ಸಾಕಿತ್ತು. ಅಪ್ಪ ಲೋಟದಲ್ಲಿ ಹಾಲು ಹಿಡ್ಕೊಂಡು ನನ್ನ ಹಿಂದೆ ನಿಂತು ನೋಡಿ, “ಇವರಿಗೆಲ್ಲ ಸಂಬಳ ಯಾರು ಕೊಡ್ತಾರೆ?” ಅಂದ್ರು. ಆಮೇಲೆ, “ಮನಸ್ಸನ್ನ ಲೆಕ್ಕ ಹಾಕೋಕಾಗುತ್ತೇನೇ?”

ಅದಕ್ಕೆ ಉತ್ತರ ನಮ್ಮ ಮೈಸೂರಿನಲ್ಲೇ ಇತ್ತು. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದವರು. ಬುದ್ಧಿವಂತಿಕೆಯನ್ನ ಅಂಕಿಗಳಲ್ಲಿ ಹಿಡಿಯೋಕೆ 1904ರಲ್ಲೇ ದಾರಿ ಹುಡುಕಿದ ಸ್ಪಿಯರ್‌ಮನ್ ಅವರು. ಇದೇ ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಶುರು ಮಾಡಿದ್ದು. ‘ಆಕಾಶವಾಣಿ’ ಅನ್ನೋ ಹೆಸರು ಬಂದಿದ್ದು ಅಲ್ಲಿಂದ. ಬೆಳಿಗ್ಗೆ ಎದ್ದರೆ ರೇಡಿಯೊ ಹಾಕೋ ಅಪ್ಪನಿಗೆ ಇದನ್ನ ಹೇಳಿದ್ದೇ ತಡ, ಸಮ್ಮೇಳನದ ಮೇಲೆ ಗೌರವ ಬಂದುಬಿಡ್ತು. ಕುರ್ಚಿ ಎಳ್ಕೊಂಡು ಕೂತರು.

ನನಗೆ ಬೇಕಾದ್ದು ಸಿಕ್ಕಿದ್ದು ಮತ್ತೆ ಮತ್ತೆ ಕೇಳಿಬರ್ತಿದ್ದ ಒಂದು ಹೆಸರಿನಲ್ಲಿ: ಡಿಫ್ಯೂಷನ್ ಮಾಡೆಲ್. ರೋಜರ್ ರ‍್ಯಾಟ್‌ಕ್ಲಿಫ್ ಅನ್ನೋರು 1978ರಲ್ಲಿ ಬರೆದಿದ್ದು. ಹೆಸರು ಕೇಳಿ ಹೆದರಬೇಡಿ, ಅಪ್ಪ ಬದನೆಕಾಯಿ ಆರಿಸೋದನ್ನ ನೆನೆಸಿಕೊಂಡರೆ ಸಾಕು. ಒಂದು ಕಾಯಿ ಎತ್ತಿಕೊಳ್ತಾರೆ. ಹೊಳಪಿದೆ, ‘ಒಳ್ಳೇದು’ ಕಡೆಗೆ ಒಂದು ಹೆಜ್ಜೆ. ತೊಟ್ಟು ಒಣಗಿದೆ, ‘ಹುಳುಕು’ ಕಡೆಗೆ ಒಂದು ಹೆಜ್ಜೆ. ತಿರುಗಿಸಿ ನೋಡ್ತಾರೆ, ತೂತಿಲ್ಲ, ಮತ್ತೆ ಈ ಕಡೆ. ಹೀಗೆ ಮನಸ್ಸು ಎರಡು ಗೆರೆಗಳ ನಡುವೆ ಅತ್ತ ಇತ್ತ ವಾಲಾಡುತ್ತಾ ಯಾವುದೋ ಒಂದು ಗೆರೆ ಮುಟ್ಟುತ್ತೆ. ಮುಟ್ಟಿದ ಕ್ಷಣ ತೀರ್ಮಾನ: ಚೀಲಕ್ಕೆ, ಇಲ್ಲಾ ವಾಪಸ್ ಗಾಡಿಗೆ.

ಒಬ್ಬರು ನಿಧಾನ ಅಂದರೆ ಅದಕ್ಕೆ ಕಾರಣ ಒಂದೇ ಇರಬೇಕಿಲ್ಲ ಅನ್ನೋದು ಈ ಲೆಕ್ಕದ ಸೊಗಸು. ಸಿಗ್ತಿರೋ ಸುಳಿವೇ ಮಸುಕಾಗಿರಬಹುದು, ಆಗ ಪ್ರತಿ ಹೆಜ್ಜೆಯೂ ಚಿಕ್ಕದು. ಕಣ್ಣು, ಕೈ ತಡವಾಗಬಹುದು. ಅಥವಾ ಎಲ್ಲವೂ ಸರಿಯಿದ್ದು, ಅವರು ಗೆರೆಗಳನ್ನೇ ದೂರ ಎಳ್ಕೊಂಡಿರಬಹುದು. ತಪ್ಪಾಗಬಾರದು, ಅದಕ್ಕೆ ಇನ್ನೂ ಸ್ವಲ್ಪ ಖಾತ್ರಿಯಾಗಲಿ ಅಂತ. ಹೊರಗಿಂದ ಮೂರೂ ಒಂದೇ ಥರ ಕಾಣುತ್ತೆ. ಎಷ್ಟು ಹೊತ್ತು ತಗೊಂಡರು, ಎಷ್ಟು ಸಲ ತಪ್ಪಿದರು ಅನ್ನೋ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಬೇರೆ ಬೇರೆ ಮಾಡಬಹುದು.

ಇದನ್ನ ವಯಸ್ಸಾದವರ ಮೇಲೂ ಮಾಡಿ ನೋಡಿದ್ದಾರೆ. ರ‍್ಯಾಟ್‌ಕ್ಲಿಫ್, ಅಂಜಲಿ ಥಾಪರ್, ಗೇಲ್ ಮೆಕೂನ್ 2001ರಿಂದ ಸಾಲಾಗಿ ಪ್ರಕಟಿಸಿದ ಅಧ್ಯಯನಗಳಲ್ಲಿ 60 ದಾಟಿದವರನ್ನೂ ಕಾಲೇಜು ಹುಡುಗರನ್ನೂ ಕೂರಿಸಿ ಸರಳ ಪ್ರಶ್ನೆಗಳನ್ನ ಕೇಳಿದರು. ಹಿರಿಯರು ನಿಧಾನ, ಅದು ನಿರೀಕ್ಷಿತವೇ. ಆದರೆ ಅನೇಕ ಪ್ರಯೋಗಗಳಲ್ಲಿ ಸುಳಿವು ಹಿಡಿಯೋ ಶಕ್ತಿ ಹುಡುಗರದ್ದಕ್ಕೆ ಹೆಚ್ಚುಕಡಿಮೆ ಸಮವಾಗೇ ಇತ್ತು. ಗೆರೆ ದೂರ ಇತ್ತು, ಕಣ್ಣು-ಕೈಗೆ ಬೇಕಾದ ಸಮಯ ಜಾಸ್ತಿ ಇತ್ತು, ಅಷ್ಟೇ. ಎಲ್ಲದರಲ್ಲೂ ಹೀಗೇ ಅಂತಲ್ಲ. ಎರಡು ಪದಗಳ ಜೋಡಿ ನೆನಪಿಟ್ಟುಕೊಳ್ಳೋ ಥರದ ಕೆಲಸಗಳಲ್ಲಿ ಶಕ್ತಿಯೇ ಕಡಿಮೆಯಾಗಿದ್ದೂ ಉಂಟು. ಮತ್ತೆ ಇದು ಕಾಯಿಲೆ ಪತ್ತೆ ಮಾಡೋ ಟೆಸ್ಟ್ ಅಲ್ಲ, ಅದು ಡಾಕ್ಟರ ಕೆಲಸ. ಲಾಕ್‌ಡೌನ್ ಸಡಿಲವಾದ ಮೇಲೆ ಅಪ್ಪನನ್ನ ನರರೋಗ ತಜ್ಞರಿಗೂ ತೋರಿಸಿದ್ವಿ. “ವಯಸ್ಸಿಗೆ ತಕ್ಕ ಹಾಗಿದೆ, ಆರು ತಿಂಗಳಿಗೆ ಬನ್ನಿ” ಅಂದ್ರು.

ಆದರೆ ಆ ರಾತ್ರಿ ನನಗೆ ತಲೆಯಲ್ಲಿ ಓಡಿದ್ದು ಬೇರೆ. ಅಪ್ಪ ಪಿಎಲ್‌ಡಿ ಬ್ಯಾಂಕಿನಲ್ಲಿ ಮೂವತ್ತು ವರ್ಷ ಕ್ಯಾಷಿಯರ್. ಸಂಜೆ ಕ್ಯಾಷ್ ಟ್ಯಾಲಿ ಆಗದೆ ನೂರು ರೂಪಾಯಿ ಕಡಿಮೆ ಬಂದರೆ ಕೈಯಿಂದ ಕಟ್ಟಬೇಕಿದ್ದ ಕೆಲಸ. ಆ ಮನುಷ್ಯನ ಗೆರೆ ದೂರ ಇಲ್ಲದೆ ಇನ್ನೆಲ್ಲಿರುತ್ತೆ? ಅವತ್ತೇ ಕೂತು ಫೋನಿನ ಹಿಸ್ಟರಿ ತೆಗೆದು ನೋಡಿದೆ. ನಾಲ್ಕು ತಿಂಗಳಲ್ಲಿ ಒಂದೇ ಒಂದು ತಪ್ಪು ಪೇಮೆಂಟ್ ಇಲ್ಲ. ಅಣ್ಣನದ್ದು, ನನ್ನದು ಹಾಗಿರಲಿಲ್ಲ ಅಂತ ಮಾತ್ರ ಹೇಳಿ ನಿಲ್ಲಿಸ್ತೀನಿ.

ಸೋಮವಾರ ಟೀಮ್ ಕಾಲ್‌ನಲ್ಲಿ ಕೇಳಿದೆ, ನಮ್ಮ ಚೆಕ್‌ಔಟ್ ಪೇಜಿನ ಓಟಿಪಿಗೆ 30 ಸೆಕೆಂಡ್ ಅನ್ನೋ ಲೆಕ್ಕ ಎಲ್ಲಿಂದ ಬಂತು ಅಂತ. ಯಾರಿಗೂ ಗೊತ್ತಿಲ್ಲ. ಹಳೇ ಕಾನ್ಫಿಗ್ ಫೈಲಿನಲ್ಲಿತ್ತು, ಹಾಗೇ ಬಂದಿತ್ತು. ಅಂದರೆ ಯಾರೋ ಒಬ್ಬ ಇಪ್ಪತ್ತೈದರ ಹುಡುಗ ತನ್ನ ಗೆರೆಯನ್ನ ಎಲ್ಲರ ಮನೆಯ ಅಪ್ಪ ಅಮ್ಮಂದಿರಿಗೂ ಎಳೆದುಬಿಟ್ಟಿದ್ದ. ಸಮಯ ಹೆಚ್ಚಿಸಿದರೆ ಕಳ್ಳರಿಗೂ ಸಮಯ ಸಿಗುತ್ತೆ ಅಂತ ಸೆಕ್ಯೂರಿಟಿಯವರು ತಕರಾರು ತೆಗೆದರು, ನ್ಯಾಯವೇ. ಮೂರು ವಾರ ಎಳೆದಾಡಿ 90ಕ್ಕೆ ಬಂತು, ಜೊತೆಗೆ ‘ಇನ್ನೂ ಸಮಯ ಬೇಕು’ ಅನ್ನೋ ಒಂದು ಬಟನ್.

ಅಣ್ಣನಿಗೆ ಮಾತ್ರ ಗ್ರಾಫು, ಗೆರೆ ಯಾವುದೂ ನಾಟಲಿಲ್ಲ. ಅವನನ್ನ ಅಲ್ಲಾಡಿಸಿದ್ದು ಸೆಪ್ಟೆಂಬರಿನ ಒಂದು ಫೋನ್ ಕಾಲ್. “ನಿಮ್ಮ ಕೆವೈಸಿ ಮುಗಿದಿದೆ, ಹತ್ತು ನಿಮಿಷದಲ್ಲಿ ಸಿಮ್ ಬ್ಲಾಕ್ ಆಗುತ್ತೆ, ಬೇಗ ನಂಬರ್ ಹೇಳಿ” ಅಂತ ಆ ಕಡೆಯವನು ಅವಸರ ಮಾಡ್ತಿದ್ದಾನೆ. ಸ್ಪೀಕರ್‌ನಲ್ಲಿ ನಮಗೆಲ್ಲ ಕೇಳಿಸ್ತಿದೆ. ಅಪ್ಪ ಡೈರಿ ತೆಗೆದು, ಪೆನ್ನಿನ ಕ್ಯಾಪ್ ಬಿಚ್ಚಿ, “ನಿಧಾನಕ್ಕೆ ಹೇಳಿ ಸ್ವಾಮಿ, ಬರ್ಕೋತೀನಿ. ಮೊದಲು ನಿಮ್ಮ ಹೆಸರು? ಯಾವ ಬ್ರಾಂಚು? ಎಂಪ್ಲಾಯೀ ನಂಬರು?” ಅಂದ್ರು. ಮೂರನೇ ಪ್ರಶ್ನೆಗೆ ಅವನೇ ಕಟ್ ಮಾಡಿದ. ಅಪ್ಪ ಡೈರಿಯಲ್ಲಿ ದಿನಾಂಕ, ಸಮಯ ಬರೆದು ಮುಚ್ಚಿಟ್ಟರು.

ಅಣ್ಣ ಅದಾದ ಮೇಲೆ ಪಾಸ್‌ಬುಕ್ ಕೇಳಲಿಲ್ಲ. “ಈ ಸಲ ಬಚಾವಾದ್ರಿ ಅಪ್ಪ” ಅಂತ ಗೊಣಗಿ, ದಿನದ ಲಿಮಿಟ್ ಐದು ಸಾವಿರಕ್ಕೆ ಇಳಿಸೋಣ ಅಂತ ಒಂದು ಷರತ್ತು ಇಟ್ಟ. ಅಪ್ಪ ಯೋಚನೆ ಮಾಡಿ ಹೇಳ್ತೀನಿ ಅಂದ್ರು. ಒಪ್ಪೋಕೆ ಎರಡು ದಿನ ತಗೊಂಡ್ರು.