ತಂತ್ರಾಂಶ ಸಲಹೆಯೂ ಕಾಯಕವೇ

ಗಣಕ ವಿಜ್ಞಾನದ ಪದವಿ ಪಡೆದು ತಂತ್ರಾಂಶ ಸಲಹೆಗಾರರಾಗಬಯಸುವ ಮಕ್ಕಳು ನಮ್ಮ ಸಮಾಜದ ಅನೇಕ ಮನೆಗಳಲ್ಲಿದ್ದಾರೆ. ಈ ವೃತ್ತಿಯಲ್ಲಿ ಬಹುಕಾಲ ನಡೆದು ಬಂದ ನಾವು, ಅನುಭವದ ಎರಡು ಮಾತುಗಳನ್ನು ಅವರಿಗೂ ಅವರ ಹಿರಿಯರಿಗೂ ಅರಿಕೆ ಮಾಡಬಯಸುತ್ತೇವೆ.

ನಾವು ಪದವೀಧರರಾದಾಗ 2000ನೆಯ ಇಸವಿಯ ಸಮಸ್ಯೆ ಲೋಕವನ್ನೇ ಕಾಡುತ್ತಿತ್ತು. ಹಳೆಯ ಕೋಬಾಲ್ ಪ್ರೋಗ್ರಾಂಗಳಲ್ಲಿ ಇಸವಿಯ ಕೊನೆಯ ಎರಡೇ ಅಂಕಿಗಳನ್ನು ಬರೆದಿಡುವ ರೂಢಿಯಿದ್ದುದರಿಂದ 2000ವನ್ನು ಗಣಕವು 1900 ಎಂದು ಭ್ರಮಿಸುವ ಅಪಾಯವಿತ್ತು. ಅದನ್ನು ತಿದ್ದುವ ಕೆಲಸ ಸಾವಿರಾರು ತರುಣರಿಗೆ ಅನ್ನ ನೀಡಿತು. ಆ ಕೆಲಸ ಮುಗಿದು, 2001ರಲ್ಲಿ ಅಮೆರಿಕೆಯ ಬೇಡಿಕೆಯೂ ಕುಗ್ಗಿದಾಗ, ನಮ್ಮ ಬಳಗದಲ್ಲಿ ಕೋಬಾಲ್ ಮಾತ್ರ ಬಲ್ಲವರು ಕಂಗೆಟ್ಟರು. ಗಿರಾಕಿಯ ವ್ಯವಹಾರವನ್ನೂ ಅರಿತವರು ನಿಂತುಕೊಂಡರು.

ಆದ್ದರಿಂದ ಸಲಹೆಗಾರನ ಮೊದಲ ವಿದ್ಯೆ ಕೇಳುವುದು. ಮಾಲೀಕನ ಮಾತಿನಷ್ಟೇ ಉಗ್ರಾಣದ ಗುಮಾಸ್ತನ ಮಾತಿಗೂ ಕಿವಿಗೊಡಬೇಕು. ತೊಡಕು ಎಲ್ಲಿದೆಯೆಂಬುದನ್ನು ಅನೇಕ ವೇಳೆ ಅವನೇ ಬಲ್ಲ.

ಎರಡನೆಯದು ಸತ್ಯಶುದ್ಧತೆ. ಒಮ್ಮೆ ವರ್ತಕರೊಬ್ಬರು ದುಬಾರಿಯಾದ ಹೊಸ ತಂತ್ರಾಂಶ ಬೇಕೆಂದು ಬಂದರು. ಪರಿಶೀಲಿಸಲಾಗಿ, ದಿನದ ದಾಸ್ತಾನನ್ನು ಅಂದೇ ನಮೂದಿಸದಿರುವುದೇ ಅವರ ಕಷ್ಟದ ಮೂಲವಾಗಿತ್ತು. ಹೊಸದು ಬೇಡವೆಂದು ತಿಳಿಸಿದೆವು. ಆ ತಿಂಗಳು ಮನೆಸಾಲದ ಕಂತು ಕಟ್ಟುವುದು ಕಷ್ಟವಾಯಿತು. ಆದರೂ ಬೇಡದ್ದನ್ನು ಮಾರಿ ಪಡೆದ ಹಣ ದಾಸೋಹಕ್ಕೆ ಸಲ್ಲದೆಂಬ ಅರಿವು ನಮ್ಮನ್ನು ಕಾಯಿತು.

12ನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನವರು ದೋಣಿ ನಡೆಸಿ, ಹರಳಯ್ಯನವರು ಪಾದರಕ್ಷೆ ಹೊಲಿದು ಕಾಯಕಗೈದರು. ಗಣಕದ ಮುಂದೆ ಕುಳಿತವರಿಗೂ ಅದೇ ನಿಯಮ. ಮಗನೋ ಮಗಳೋ ಕೆಲಸದಿಂದ ಮರಳಿದಾಗ ಹಿರಿಯರು ಸಂಬಳವನ್ನಷ್ಟೇ ವಿಚಾರಿಸದೆ, ಇಂದು ಯಾರ ತೊಡಕು ಬಿಡಿಸಿದಿರೆಂದೂ ಕೇಳುವಂತಾಗಲಿ.